ಕೊನೆಗಾರ ಸುಬ್ಬಪ್ಪನೂ ವಿಮಾನದ ಬಾಲವೂ

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಎಡಗಡೆಯಿಂದ ನೆಟ್ಟಗೆ ಹೊರಟ ಸಾಲು ಬಲಗಡೆ ಮುಟ್ಟುವಷ್ಟರಲ್ಲಿ ಮೇಲಕ್ಕೆ ಹತ್ತಿಬಿಟ್ಟಿರುತ್ತದೆ. ಪಿಯುಸಿ ಮೊದಲ ವರ್ಷದ ಅರ್ಧಕ್ಕೇ ಕಾಲೇಜು ಬಿಟ್ಟವಳು ನಾನು, ದೊಡ್ಡ ದೊಡ್ಡ ಮಾತು ಬರುವುದಿಲ್ಲ. ಎರಡು ಸಲ ಕರಡು ಬರೆದು, ಮೂರನೆಯ ಸಲ ಇದನ್ನು ಬರೆಯುತ್ತಿದ್ದೇನೆ. ಇದು ನನ್ನ ಅಪ್ಪನ ವಿಷಯ. ಆದರೆ ಅಪ್ಪ, ಅಪ್ಪ ಎಂದು ಬರೆದರೆ ಎಲ್ಲವನ್ನೂ ನಾನೇ ನಿಂತು ನೋಡಿದ ಹಾಗೆ ಆಗುತ್ತದೆ. ನಾನು ಕಂಡದ್ದು ಕಡಿಮೆ, ಅಪ್ಪ ಹೇಳಿದ್ದೇ ಹೆಚ್ಚು. ಅದಕ್ಕೆ ಹೆಸರು ಹಿಡಿದು ಬರೆಯಲಾ ಎಂದು ಕೇಳಿದೆ. "ಬರಿ, ಹೆಸರಿಟ್ಟಿದ್ದು ಕರೀಲಿಕ್ಕೇ ಅಲ್ವಾ" ಎಂದರು.

ಬೇಗಾರಿನ ಸುಬ್ಬಪ್ಪ ಮೂವತ್ತೊಂದು ವರ್ಷ ಅಡಿಕೆ ಮರ ಹತ್ತಿದವನು. ಕೊಯ್ಲಿನ ಕಾಲದಲ್ಲಿ ಕೊನೆ, ಎಂದರೆ ಅಡಿಕೆ ಗೊನೆ, ಇಳಿಸುವುದು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯುವುದು. ಒಂದು ಮರದ ತುದಿಯಲ್ಲಿ ಕೂತು ಪಕ್ಕದ ಮರವನ್ನು ಎಳೆದುಕೊಂಡು, ನೆಲಕ್ಕೆ ಇಳಿಯದೆ ಹತ್ತಾರು ಮರ ದಾಟಿಬಿಡುತ್ತಿದ್ದ. ಹೀಗೆ ದಾಟುವುದರಲ್ಲಿ ಶೃಂಗೇರಿ ಕಡೆಯ ತೋಟಗಳಲ್ಲಿ ಅವನಿಗೆ ಹೆಸರಿತ್ತು. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಹಾಗೆ ದಾಟಲು ಕೈ ಚಾಚಿದಾಗ ಅವನ ತೊಡೆ ನಡುಗಿತು. ಬೀಳಲಿಲ್ಲ. ಕೆಳಗಿದ್ದವರಿಗೆ ಗೊತ್ತೂ ಆಗಲಿಲ್ಲ. ನಿಧಾನಕ್ಕೆ ಇಳಿದು ಬಂದು, ಹತ್ತುವಾಗ ಕಾಲಿಗೆ ಹಾಕಿಕೊಳ್ಳುವ ಹಗ್ಗದ ತಳೆಯನ್ನು ಬಿಚ್ಚಿ ಸುತ್ತಿ ಕೈಯಲ್ಲಿ ಹಿಡಿದು, ಇನ್ನು ತಾನು ಹತ್ತುವುದಿಲ್ಲ ಎಂದು ತೋಟದ ಯಜಮಾನರಿಗೆ ಹೇಳಿದ.

"ಎಂತ ಆಯ್ತು ಮಾರಾಯ?" ಎಂದರು ಅವರು.

"ಕಾಲು ಹೇಳ್ತು. ಮರ ಹೇಳೋಕೆ ಮುಂಚೆ ಕೇಳ್ಬೇಕಲ್ಲ."

ಅದಾದ ಮೇಲೆ ಒಂದು ವರ್ಷ ಅವನು ದೋಟಿ ಹಿಡಿದ. ಈಗ ನೆಲದ ಮೇಲೆ ನಿಂತೇ ಕೊನೆ ಕೊಯ್ಯುವ ಉದ್ದನೆಯ ಫೈಬರ್ ದೋಟಿಗಳು ಬಂದಿವೆ. ಆದರೆ ಮೇಲೆ ನೋಡಿ ನೋಡಿ ಕತ್ತು ಹಿಡಿಯುತ್ತಿತ್ತು. ಸಾಲದ್ದಕ್ಕೆ ಹುಡುಗರು ಅವನಿಗಿಂತ ಚುರುಕಾಗಿ ಕೊಯ್ಯುತ್ತಿದ್ದರು. ಮನೆಯಲ್ಲಿ ಅವನು ಮಾತು ಕಡಿಮೆ ಮಾಡಿದ. ಹಂಡೆ ಒಲೆಯ ಹತ್ತಿರ ಕೂತು ಆ ತಳೆಗೆ ಎಣ್ಣೆ ಸವರುವುದು, ಮತ್ತೆ ಗೂಟಕ್ಕೆ ತೂಗುಹಾಕುವುದು, ಇದೇ ಕೆಲಸವಾಯಿತು.

ಅಂಥ ದಿನಗಳಲ್ಲೇ ದೋಟಿಯ ಗಂಟು ಬಿರಿಯಿತೆಂದು ಅದನ್ನು ಹೊತ್ತುಕೊಂಡು ಕೊಪ್ಪಕ್ಕೆ ಹೋದ. ಕೊಪ್ಪದಲ್ಲಿ ಯಜ್ಞೇಶ ಎಂಬವರ ವರ್ಕ್‌ಶಾಪ್ ಇದೆ. ಅವರು ಇಪ್ಪತ್ತು ವರ್ಷ ವಾಯುಸೇನೆಯಲ್ಲಿ ವಿಮಾನದ ಮೈ ರಿಪೇರಿ ಮಾಡುತ್ತಿದ್ದವರು. ನಿವೃತ್ತರಾಗಿ ಬಂದು ದೋಟಿ, ಔಷಧಿ ಹೊಡೆಯುವ ಪಂಪು, ಕಳೆ ಕೊಚ್ಚುವ ಮಿಷನ್ನು ಸರಿಮಾಡಿಕೊಂಡಿದ್ದಾರೆ. ವರ್ಕ್‌ಶಾಪಿನ ಹಿಂದೆ ನಿಂತುಹೋದ ಅಕ್ಕಿ ಮಿಲ್ಲಿನ ಹಾಲ್ ಇದೆ. ಅದರೊಳಗೆ ಅವರು ಇಬ್ಬರು ಕೂರುವ ಒಂದು ವಿಮಾನವನ್ನು ಕಟ್ಟುತ್ತಿದ್ದರು. ವಿಮಾನ ಎಂದರೆ ಆಗ ಬಾಲ ಮಾತ್ರ. ಹೊರದೇಶದಿಂದ ಬಿಡಿಭಾಗಗಳಾಗಿ ಬರುವ ಈ ಕಿಟ್ಟುಗಳಲ್ಲಿ ಬಾಲದ ಪೆಟ್ಟಿಗೆ ಮೊದಲು ಬರುತ್ತದಂತೆ. ಬಾಲವನ್ನು ಸರಿಯಾಗಿ ಮುಗಿಸಿದವರು ರೆಕ್ಕೆಗೆ ಕೈ ಹಾಕುತ್ತಾರೆ.

ದೋಟಿಗೆ ಅಂಟು ಒಣಗುವವರೆಗೆ ಕಾಯಬೇಕಿತ್ತು. ಸುಬ್ಬಪ್ಪ ಹಾಲ್‌ನೊಳಗೆ ಇಣುಕಿದ. ಮೇಜಿನ ಮೇಲೆ ಸಾಲು ಸಾಲು ತೂತಿರುವ ತೆಳ್ಳನೆಯ ಅಲ್ಯೂಮಿನಿಯಂ ಪಟ್ಟಿಗಳಿದ್ದವು. ಒಂದರ ಮೇಲೆ ಸುಮ್ಮನೆ ಬೆರಳು ಎಳೆದ.

"ಇಲ್ಲಿ ಎಂತದೋ ಮುಳ್ಳಿದೆ" ಎಂದ.

"ಎಲ್ಲಿ?" ಎಂದು ಯಜ್ಞೇಶ ಎದ್ದು ಬಂದರು. ಅದನ್ನು ಅವರು ಹಿಂದಿನ ದಿನವಷ್ಟೇ ಉಜ್ಜಿ ಮುಗಿಸಿದ್ದರು. ಕನ್ನಡಕ ತೆಗೆದು, ಹಾಕಿ, ಲೆನ್ಸ್ ಹಿಡಿದು ನೋಡಿದರು. ಏಳನೆಯ ತೂತಿನ ಅಂಚಿನಲ್ಲಿ ಕೂದಲೆಳೆಯಷ್ಟು ಲೋಹ ಎದ್ದಿತ್ತು.

"ಇದು ನಿಂಗೆ ಹೆಂಗೆ ಗೊತ್ತಾಯ್ತು ಮಾರಾಯ?"

"ತಳೆ ಹಗ್ಗದಲ್ಲಿ ಎಳೆ ಹರಿದ್ರೆ ಕಣ್ಣಿಗೆ ಕಾಣಲ್ಲ ಯಜ್ಞೇಶಣ್ಣ. ದಿನಾ ಬೆಳಿಗ್ಗೆ ಬೆರಳಲ್ಲೇ ನೋಡೋದು."

ಯಜ್ಞೇಶ ಲೆನ್ಸನ್ನು ಮೇಜಿನ ಮೇಲಿಟ್ಟು, "ಸೋಮವಾರದಿಂದ ಬರ್ತೀಯಾ?" ಎಂದು ಕೇಳಿದರು. ಸುಬ್ಬಪ್ಪನ ಎರಡನೇ ಕೆಲಸ ಶುರುವಾದದ್ದು ಹೀಗೆ. ತೂತಿನ ಅಂಚಿನ ಮುಳ್ಳು ತೆಗೆಯುವುದು ಅವನ ಪಾಲಿಗೆ ಬಂತು. ಆಮೇಲೆ ತಗಡುಗಳನ್ನು ಸೇರಿಸುವ ರಿವೆಟ್ ಮೊಳೆ ಹೊಡೆಯುವಾಗ ಹಿಂದಿನಿಂದ ಉಕ್ಕಿನ ಗಟ್ಟಿ ಒತ್ತಿ ಹಿಡಿಯುವುದೂ ಬಂತು. ಆ ಗಟ್ಟಿಗೆ ಅಲ್ಲಿ ಬಾರ್ ಎನ್ನುತ್ತಾರೆ. ಯಜ್ಞೇಶ ಮುಂದಿನಿಂದ ರಿವೆಟ್ ಗನ್ ಹಿಡಿದು ಟರ್ರ್ ಎಂದು ಬಡಿದರೆ, ಹಿಂದೆ ಬಾರ್ ಒಂದು ಚೂರೂ ವಾಲಬಾರದು. ವಾಲಿದರೆ ರಿವೆಟ್ಟಿನ ತಲೆ ಸೊಟ್ಟ ಕೂರುತ್ತದೆ, ಕೊರೆದು ತೆಗೆಯಬೇಕು. ಸುಬ್ಬಪ್ಪನ ಕೈಯಲ್ಲಿ ಅದು ವಾಲುತ್ತಿರಲಿಲ್ಲ.

ಬಸ್ಸಿನಲ್ಲಿ ಜನ ಬಿಡುತ್ತಾರೆಯೇ?

"ಸುಬ್ಬಪ್ಪ, ಮರ ಹತ್ತೋಕೆ ಆಗ್ದೆ ಈಗ ಮೇಲಿಂದ್ಲೇ ಕೊನೆ ಕೊಯ್ತೀಯಂತೆ?"

"ಬಾಲ ಮಾತ್ರ ಆಗಿದೆ. ಸದ್ಯಕ್ಕೆ ಮಂಗಂಗೆ ಆಗ್ಬೋದು. ನಿಂಗೆ ಬೇಕಿದ್ರೆ ಹೇಳು" ಎನ್ನುತ್ತಿದ್ದ. ಮಾತು ಮತ್ತೆ ಬಂದಿತ್ತು. ಮನೆಯಲ್ಲಿ ತಳೆಗೆ ಎಣ್ಣೆ ಹಾಕುವುದು ನಿಂತಿತ್ತು.

ಕಳೆದ ವರ್ಷ ಆಷಾಢದಲ್ಲಿ ರಡ್ಡರ್ ಕೆಲಸಕ್ಕೆ ಬಂತು. ವಿಮಾನದ ಹಿಂದೆ ನೆಟ್ಟಗೆ ನಿಂತು ಎಡಕ್ಕೆ ಬಲಕ್ಕೆ ತಿರುಗುವ ಬಾಗಿಲಿನಂಥ ಭಾಗ ಅದು. ದೋಣಿಯ ಚುಕ್ಕಾಣಿ ಇದ್ದ ಹಾಗೆ. ಎರಡು ಕಡೆ ಎರಡು ತೆಳುವಾದ ತಗಡು, ಅವು ನಡುಗಬಾರದೆಂದು ಒಳಗೆ ಸಣ್ಣ ಪಟ್ಟಿಗಳು. ಎಲ್ಲದರ ಮುಳ್ಳು ತೆಗೆದಾಗಿತ್ತು. ಇನ್ನು ಸೋಪು ನೀರಲ್ಲಿ ತೊಳೆದು, ಒರೆಸಿ, ಒಣಗಿಸಿ, ಲೋಹ ಕಾಯುವ ಹಸಿರು ಬಣ್ಣ, ಪ್ರೈಮರ್, ಹೊಡೆದರೆ ರಿವೆಟ್‌ಗೆ ತಯಾರು.

ಆ ಶನಿವಾರ ಯಜ್ಞೇಶ ಬಸರೀಕಟ್ಟೆಯ ಒಂದು ಎಸ್ಟೇಟಿಗೆ ಪಂಪು ರಿಪೇರಿಗೆಂದು ಹೊರಟರು. "ತೊಳೆದು ಇಟ್ಟಿರು, ಸೋಮವಾರ ಪ್ರೈಮರ್ ಹೊಡೆಯೋಣ" ಎಂದು ಹೇಳಿ ಹೋದರು. ಸುಬ್ಬಪ್ಪ ಒರೆಸುವುದಕ್ಕೆಂದು ಮನೆಯಿಂದ ಹಳೇ ಪಂಚೆಯ ತುಂಡುಗಳನ್ನು ತಂದಿದ್ದ. ಅಂಗಡಿಯ ಬಟ್ಟೆಗಿಂತ ಅದು ಮೆತ್ತಗೆ, ನೂಲು ಬಿಡುವುದಿಲ್ಲ. ಮಗುವಿಗೆ ಸ್ನಾನ ಮಾಡಿಸಿದ ಹಾಗೆ ಎಲ್ಲವನ್ನೂ ತೊಳೆದು ಒರೆಸಿದ. ಆದರೆ ಮಿಲ್ಲಿನ ಜಂತೆಯಿಂದ ಹಳೆಯ ತೌಡಿನ ಧೂಳು ಉದುರುತ್ತಲೇ ಇರುತ್ತದೆ. ಎರಡು ದಿನ ಬಿಟ್ಟರೆ ತೊಳೆದದ್ದು ವ್ಯರ್ಥ. ಅದಕ್ಕೆ ವೀಳ್ಯದೆಲೆಗೆ ಒದ್ದೆ ಬಟ್ಟೆ ಹೊದಿಸುವ ಹಾಗೆ, ಆ ಬಟ್ಟೆಗಳನ್ನೇ ಹಿಂಡಿ ತಗಡಿನ ಮೇಲೆ ಹಾಸಿ, ಬಾಗಿಲು ಹಾಕಿಕೊಂಡು ಬಂದ.

ಭಾನುವಾರ ಮಳೆ ಬಿಟ್ಟು ಹೊಳವಾಗಿತ್ತು. ಪಕ್ಕದ ದೇವಪ್ಪನ ತೋಟಕ್ಕೆ ಔಷಧಿ ಹೊಡೆಯುವ ಆತುರ. ಸುಬ್ಬಪ್ಪ ಮರ ಹತ್ತದಿದ್ದರೂ ನೆಲದಲ್ಲಿ ನಿಂತು ಔಷಧಿ ಕೂಡಿಸಿಕೊಡುತ್ತಾನೆ. ನೀಲಿ ಹರಳಿನಂಥ ಮೈಲುತುತ್ತವನ್ನು ಒಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಬೇಕು, ಸುಣ್ಣವನ್ನು ಇನ್ನೊಂದರಲ್ಲಿ. ಎರಡನ್ನೂ ಬಟ್ಟೆಯಲ್ಲಿ ಸೋಸಿ ಸೇರಿಸಬೇಕು. ಇಲ್ಲದಿದ್ದರೆ ಪಂಪಿನ ಬಾಯಿ ಕಟ್ಟುತ್ತದೆ.

"ಸೋಸೋ ಬಟ್ಟೆ ಎಲ್ಲಿ?" ಎಂದು ಅವನು ಬೇಲಿಯಾಚೆಯಿಂದ ಹೆಂಡತಿಯನ್ನು ಕೂಗಿ ಕೇಳಿದ.

ವನಜಮ್ಮ ಅಂಗಳದಿಂದಲೇ ಹೇಳಿದಳು. "ಇಲ್ಕೇಳಿ, ಅದನ್ನ ಶುಕ್ರವಾರ ತೊಳೆದು ತಂತಿ ಮೇಲೆ ಹಾಕಿದ್ದೆ. ನೀವೇ ಅಲ್ವಾ ನಿನ್ನೆ ಬೆಳಿಗ್ಗೆ ಹಳೇ ಪಂಚೆ ತುಂಡು ಅಂತ ಎಲ್ಲಾ ಚೀಲಕ್ಕೆ ತುಂಬಿದ್ದು?"

ಬೇರೆ ಬಟ್ಟೆ ಬಂತು, ಔಷಧಿ ಕೂಡಿದ್ದೂ ಆಯಿತು. ಸುಣ್ಣ ಸಾಕೋ ಸಾಲದೋ ನೋಡಲು ದೇವಪ್ಪ ತನ್ನ ಕತ್ತಿಯನ್ನು ಡ್ರಮ್ಮಿನಲ್ಲಿ ಅದ್ದಿ ಎತ್ತಿದ. ನಮ್ಮ ಕಡೆ ಎಲ್ಲರೂ ಮಾಡುವ ಪರೀಕ್ಷೆ ಅದು. ಕತ್ತಿಯ ಅಲಗು ಕೆಂಪಗಾದರೆ ಮೈಲುತುತ್ತ ಇನ್ನೂ ಕಡಿಯುತ್ತಿದೆ ಎಂದು ಅರ್ಥ.

"ಕೆಂಪು. ಇನ್ನೊಂದು ಬೊಗಸೆ ಸುಣ್ಣ ಹಾಕು" ಎಂದ ದೇವಪ್ಪ. ಸುಬ್ಬಪ್ಪ ಅಲಗನ್ನೇ ನೋಡುತ್ತ ನಿಂತಿದ್ದ. "ಎಂತ, ಕತ್ತಿ ನೋಡಿರ್ಲಿಲ್ವಾ ನೀನು?"

ಕಬ್ಬಿಣವನ್ನು ಮೈಲುತುತ್ತ ಹೀಗೆ ಕೆಂಪು ಮಾಡಿದರೆ, ಅಲ್ಯೂಮಿನಿಯಂ ಅನ್ನು ತಿಂದೇಬಿಡುತ್ತದೆ. ಇದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ವನಜಮ್ಮನ ಒಂದು ಅಲ್ಯೂಮಿನಿಯಂ ಬೋಗುಣಿ ಈ ಔಷಧಿ ಕಲಸಿಯೇ ಒಂದೇ ಮಳೆಗಾಲದಲ್ಲಿ ಜರಡಿಯಾದದ್ದು ಮನೆಯಲ್ಲಿ ಎಲ್ಲರಿಗೂ ನೆನಪಿದೆ. ಸೋಸುವ ಬಟ್ಟೆಯನ್ನು ಎಷ್ಟು ಒಗೆದರೂ ಅದರಲ್ಲಿ ನೀಲಿ ಉಳಿಯುತ್ತದೆ. ತಗಡಿಗೆ ಅಂಟಿಸಿ ಕಳಿಸುವ ಪ್ಲಾಸ್ಟಿಕ್ ಹಾಳೆಯೂ ನೀಲಿ, ಯಜ್ಞೇಶ ಗುರುತು ಹಾಕುವ ಪೆನ್ನೂ ನೀಲಿ. ಒರೆಸಿದ ಬಟ್ಟೆಯಲ್ಲಿ ನೀಲಿ ಕಂಡದ್ದಕ್ಕೆ ಅವನಿಗೆ ಅನುಮಾನವೇ ಬಂದಿರಲಿಲ್ಲ.

ಯಜ್ಞೇಶರಿಗೆ ಫೋನ್ ಮಾಡಿದ. ಬಸರೀಕಟ್ಟೆಗೆ ಹೋದವರ ಫೋನು ಸಿಗಲಿಲ್ಲ. ಮತ್ತೊಮ್ಮೆ ಮಾಡಿದ. ಸಿಗದೇ ಇದ್ದದ್ದಕ್ಕೆ ಒಳಗೊಳಗೇ ಸ್ವಲ್ಪ ಸಮಾಧಾನವೂ ಆಯಿತು. ಇದನ್ನು ಅವನೇ ಆಮೇಲೆ ಹೇಳಿದ್ದು. ಅಷ್ಟು ಹೊತ್ತಿಗೆ ಕೊಪ್ಪದ ಬಸ್ಸೂ ಹೋಗಿಯಾಗಿತ್ತು.

ಸೋಮವಾರ ಮೊದಲ ಬಸ್ಸಿಗೇ ಹೋಗಿ ಬಾಗಿಲು ತೆಗೆದ. ಬಟ್ಟೆ ಹಾಸಿದ ಹಾಗೇ ಇತ್ತು. ಒಂದೊಂದಾಗಿ ಎತ್ತಿದ. ನಾಲ್ಕು ತುಂಡಿನ ಕೆಳಗೆ ಏನೂ ಇರಲಿಲ್ಲ. ಐದನೆಯದರ ಕೆಳಗೆ, ಬಲಗಡೆಯ ತಗಡಿನ ಒಳಮೈಯಲ್ಲಿ, ಕಳಿತ ಬಾಳೆಹಣ್ಣಿನ ಸಿಪ್ಪೆಯ ಮೇಲಿನಂಥ ಕಂದು ಕಪ್ಪು ಚುಕ್ಕಿಗಳು. ಎಣಿಸಿದ. ತಗಡಿನಲ್ಲಿ ಇಪ್ಪತ್ತಮೂರು. ಪಕ್ಕದಲ್ಲಿಟ್ಟ ಒಂದು ಪಟ್ಟಿಯ ಮೇಲೆ ಬಟ್ಟೆ ಮಡಚಿ ಕೂತಿದ್ದ ಕಡೆ ಚುಕ್ಕಿಗಳು ಒಂದರೊಳಗೊಂದು ಸೇರಿ ಕಲೆಯೇ ಆಗಿದ್ದವು.

ಯಜ್ಞೇಶ ಬರುವುದು ಒಂಬತ್ತಕ್ಕೆ. ಗೋಡೆಯ ಗೂಡಿನಲ್ಲಿ ಹಸಿರು ಪ್ರೈಮರಿನ ಸ್ಪ್ರೇ ಡಬ್ಬಿ ಇತ್ತು. ಒಳಮೈ ಅದು. ಒಂದು ಕೋಟು ಹೊಡೆದರೆ ಹಸಿರಿನಡಿ ಎಲ್ಲ ಮುಚ್ಚಿಹೋಗುತ್ತದೆ. ಎರಡು ತಗಡು ಸೇರಿಸಿ ರಿವೆಟ್ ಹೊಡೆದ ಮೇಲೆ ಒಳಗೇನಿದೆ ಎಂದು ಯಾರಿಗೂ ಕಾಣುವುದಿಲ್ಲ. "ಬೇಗ ಬಂದಿದ್ದೆ, ಹೊಡೆದೇಬಿಟ್ಟೆ" ಎಂದರೆ ಯಜ್ಞೇಶ ಹೊಗಳಿಯೇ ಹೊಗಳುತ್ತಾರೆ. ಹೇಳಿದರೋ, ರಡ್ಡರ್ ಹೋಯಿತು, ಜೊತೆಗೆ ಈ ಕೆಲಸವೂ ಹೋಯಿತು. ಒರೆಸಲು ಕೊಟ್ಟದ್ದನ್ನೇ ಹಾಳುಮಾಡಿದವನ ಕೈಗೆ ಬಾರ್ ಯಾರು ಕೊಡುತ್ತಾರೆ? ಮತ್ತೆ ಹಂಡೆ ಒಲೆ, ಮತ್ತೆ ಎಣ್ಣೆ ಹಾಕಿದ ತಳೆ.

ಸುಬ್ಬಪ್ಪ ಡಬ್ಬಿ ತೆಗೆದುಕೊಂಡು ಕುಲುಕಿದ. ಒಳಗಿನ ಗೋಲಿ ಟಕಟಕ ಎಂದಿತು.

ಆಗ ಅವನಿಗೆ ಇಪ್ಪತ್ತೈದು ವರ್ಷದ ಹಿಂದಿನ ಒಂದು ಸಂಗತಿ ನೆನಪಾಯಿತು. ಜೊತೆಯ ಕೊನೆಗಾರನೊಬ್ಬ ಅವನಿಗೆ ಒಂದು ತಳೆ ಕೊಟ್ಟಿದ್ದ. ಇಲಿ ಕಡಿದ ಎಳೆಯ ಮೇಲೆ ಜೇನುಮೇಣ ಬಳಿದು ಕಾಣದ ಹಾಗೆ ಮಾಡಿ ಕೊಟ್ಟಿದ್ದ. ಗಡಿಬಿಡಿಯಲ್ಲಿ ಬೆರಳಾಡಿಸದೆ ಸುಬ್ಬಪ್ಪ ಹತ್ತಿಬಿಟ್ಟಿದ್ದ. ಅರ್ಧ ಮರದಲ್ಲಿ ಎಳೆ ಬಿಚ್ಚಿಕೊಂಡಾಗ ಮರವನ್ನು ತಬ್ಬಿಕೊಂಡು ಜಾರಿ ಬಂದ. ಎದೆಯ ಚರ್ಮ ಸುಲಿದದ್ದು ಬಿಟ್ಟರೆ ಏನೂ ಆಗಲಿಲ್ಲ. ಆ ಮನುಷ್ಯನ ಹೆಸರನ್ನು ಅವನು ನನಗೆ ಹೇಳಿಲ್ಲ, ಬರೆಯುವುದಕ್ಕೂ ಹೇಳಲಿಲ್ಲ. ಆದರೆ ಮರೆತಿಲ್ಲ ಎಂದು ಮಾತ್ರ ಹೇಳಿದ.

ಡಬ್ಬಿಯನ್ನು ಗೂಡಿನಲ್ಲಿಟ್ಟು, ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ.

ಯಜ್ಞೇಶ ಸ್ಕೂಟರ್ ನಿಲ್ಲಿಸುವಾಗಲೇ ಇವನ ಮುಖ ನೋಡಿದರು. "ಎಂತ? ಮನೇಲಿ ಎಲ್ಲ ಸರಿ ಇದಾರಾ?"

"ಮನೇಲಿ ಸರಿ ಇದಾರೆ. ರಡ್ಡರ್ ಸರಿ ಇಲ್ಲ. ಮೈಲುತುತ್ತ ಸೋಸಿದ ಬಟ್ಟೇಲಿ ಒರೆಸ್ಬಿಟ್ಟೆ. ಒರೆಸಿದ್ದಲ್ದೆ ಹೊದಿಸೂ ಬಂದೆ."

ಯಜ್ಞೇಶ ಹೆಲ್ಮೆಟ್ ತೆಗೆಯುವುದನ್ನೇ ಮರೆತು ಒಳಗೆ ಹೋದರು. ತಗಡನ್ನು ಕಿಟಕಿಯ ಬೆಳಕಿಗೆ ಹಿಡಿದರು. ತಿರುಗಿಸಿ ತಿರುಗಿಸಿ ನೋಡಿದರು. ಬೈದಿದ್ದರೆ ಎಷ್ಟೋ ವಾಸಿ ಎಂದು ಸುಬ್ಬಪ್ಪನಿಗೆ ಅನ್ನಿಸಿತು.

"ಎಷ್ಟಿದೆ?"

"ತಗಡಿನಲ್ಲಿ ಇಪ್ಪತ್ಮೂರು. ಪಟ್ಟಿ ಮೇಲೆ ಎಣಿಸೋಕೆ ಆಗಲ್ಲ."

"ಎಣಿಸೂ ಇಟ್ಟಿದೀಯಾ" ಎಂದು ಯಜ್ಞೇಶ ಉಸಿರು ಬಿಟ್ಟರು. ಆಮೇಲೆ ಹೆಲ್ಮೆಟ್ ತೆಗೆದು, ನರಸಿಂಹರಾಜಪುರಕ್ಕೆ ಫೋನ್ ಮಾಡಿದರು. ಅಲ್ಲಿ ಸೋಮಶೇಖರಪ್ಪ ಎಂಬ ಹಿರಿಯರಿದ್ದಾರೆ. ವಿಮಾನಗಳನ್ನು ತಪಾಸಣೆ ಮಾಡುವ ಕೆಲಸದಲ್ಲೇ ಕೂದಲು ಬೆಳ್ಳಗಾದವರು, ಸೇನೆಯಲ್ಲಿ ಯಜ್ಞೇಶರಿಗೆ ಮೇಲಿನವರಾಗಿದ್ದರು. "ಯಾವುದನ್ನೂ ಉಜ್ಜಬೇಡಿ. ನೀರು ಹಾಕಿ ತೊಳೀರಿ, ಹತ್ತು ಸಲ ತೊಳೀರಿ. ನಾನು ಬರ್ತೀನಿ" ಎಂದರು ಅವರು.

ಇಬ್ಬರೂ ತೊಳೆದರು. ಸುಬ್ಬಪ್ಪ ನೀರು ಹೊಯ್ದ, ಯಜ್ಞೇಶ ತಗಡನ್ನು ಓರೆಯಾಗಿ ಹಿಡಿದರು. ಹತ್ತು ಸಲ ಆದ ಮೇಲೂ ಸುಬ್ಬಪ್ಪ ನಿಲ್ಲಿಸಲಿಲ್ಲ.

ಹನ್ನೆರಡು ಗಂಟೆಯ ಬಸ್ಸಿಗೆ ಸೋಮಶೇಖರಪ್ಪ ಇಳಿದರು. ಕೈಯಲ್ಲಿ ಕೊಡೆ, ಜೇಬಿನಲ್ಲಿ ಎರಡು ಲೆನ್ಸು. ಕಾಫಿ ಬೇಡ ಎಂದು, ಬಟ್ಟೆಯ ಕಥೆಯನ್ನೆಲ್ಲ ಸುಬ್ಬಪ್ಪನ ಬಾಯಿಂದ ಕೇಳುತ್ತ ನೇರ ಮೇಜಿಗೆ ಬಂದರು. ಒಂದೊಂದು ಚುಕ್ಕಿಯನ್ನೂ ನುಣ್ಣನೆಯ ಪ್ಯಾಡಿನಿಂದ ನಾಲ್ಕು ಸಲ ಸವರುವುದು, ಲೆನ್ಸಿನಲ್ಲಿ ನೋಡುವುದು, ಉಗುರಿನ ತುದಿ ಆಡಿಸುವುದು. ಇಪ್ಪತ್ತಮೂರಕ್ಕೂ ಹೀಗೇ. ಸುಬ್ಬಪ್ಪ ಅವರ ಉಗುರನ್ನೇ ನೋಡುತ್ತಿದ್ದ, ಅದು ಎಲ್ಲಾದರೂ ತೊಡರುತ್ತದೆಯೇ ಎಂದು. ಅರ್ಧ ಮುಗಿದ ಮೇಲೆ ಅವರು ಸರಿದು ನಿಂತರು.

"ನಿನ್ನ ಬೆರಳು ಸೂಕ್ಷ್ಮ ಅಂತ ಇವ್ನು ಹೇಳ್ತಾನೆ. ಬಾ, ಎಲ್ಲಾದ್ರೂ ಗುಳಿ ಸಿಗ್ತದಾ ನೋಡು."

ಸುಬ್ಬಪ್ಪ ಕೈ ಒರೆಸಿಕೊಂಡ. ಒರೆಸಿಕೊಂಡದ್ದು ಯಾವುದರಲ್ಲಿ ಎಂದು ಒಮ್ಮೆ ನೋಡಿಯೂಕೊಂಡ. ಕಣ್ಣು ಮುಚ್ಚಿ ಬೆರಳು ಎಳೆದ. ತಗಡು ನೀರಿನ ಹಾಗೆ ನುಣುಪಾಗಿತ್ತು. ಇನ್ನೊಮ್ಮೆ ಎಳೆದ, ಅಡ್ಡಕ್ಕೆ ಎಳೆದ. ಎಲ್ಲೂ ಸಿಗಲಿಲ್ಲ. ಪಟ್ಟಿಯ ಮೇಲೆ ಎಳೆದಾಗ ಮಾತ್ರ ಮೂರು ಕಡೆ ಬೆರಳು ನಿಂತಿತು.

"ತಗಡಿನಲ್ಲಿ ಇಲ್ಲ. ಪಟ್ಟೀಲಿ ಮೂರಿದೆ" ಎಂದ.

"ನಂಗೂ ಅಷ್ಟೇ ಸಿಕ್ಕಿದ್ದು" ಎಂದರು ಸೋಮಶೇಖರಪ್ಪ. ತಗಡಿನ ಮೇಲ್ಮೈಯಲ್ಲಿ ಅಪ್ಪಟ ಅಲ್ಯೂಮಿನಿಯಂನ ಒಂದು ತೆಳುವಾದ ಪದರ ಇರುತ್ತದೆ, ಒಳಗಿನ ಗಟ್ಟಿ ಲೋಹವನ್ನು ಅದೇ ಕಾಯುವುದು, ಮೈಲುತುತ್ತ ಆ ಪದರವನ್ನು ದಾಟಿಲ್ಲ ಎಂದು ವಿವರಿಸಿದರು. "ವನಜಮ್ಮ ಅಂದ್ರಲ್ಲ, ಅವ್ರು ಬಟ್ಟೆ ಚೆನ್ನಾಗಿ ಒಗೆದಿದಾರೆ. ಅದು ನಿಮ್ಮ ಪುಣ್ಯ. ಇನ್ನೊಂದು ವಾರ ಹಸಿರು ಬಣ್ಣದಡಿ ಬಿಟ್ಟಿದ್ರೆ ಮಾತ್ರ ಬೇರೆ ಕಥೆ." ಪಟ್ಟಿ ಕೆಲಸಕ್ಕೆ ಬಾರದು. ಆದರೆ ಕಿಟ್ಟಿನಲ್ಲಿ ಒಂದು ಪಟ್ಟಿ ಹೆಚ್ಚಿಗೆ ಬಂದಿತ್ತು.

ಸುಬ್ಬಪ್ಪ ಅಲ್ಲೇ ಇದ್ದ ಅಕ್ಕಿ ಮಿಲ್ಲಿನ ಹಳೇ ತೂಕದ ಕಲ್ಲಿನ ಮೇಲೆ ಕೂತುಬಿಟ್ಟ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಎಂಬುದು ಆಗ ನೆನಪಾಯಿತು.

"ಸುಬ್ಬಪ್ಪ" ಎಂದರು ಸೋಮಶೇಖರಪ್ಪ, ಲೆನ್ಸನ್ನು ಜೇಬಿಗೆ ಹಾಕುತ್ತ. "ಔಷಧಿ ಹೊಡೆದದ್ದು ಒಳ್ಳೇದೇ ಆಯ್ತು ಬಿಡು. ಇನ್ನು ಈ ವಿಮಾನಕ್ಕೆ ಕೊಳೆರೋಗ ಬರಲ್ಲ."

ಯಜ್ಞೇಶ ನಕ್ಕರು, ಸುಬ್ಬಪ್ಪನೂ ನಕ್ಕ. ಆಮೇಲೆ ಸೋಮಶೇಖರಪ್ಪ ಕೆಲಸದ ಪುಸ್ತಕ ತರಿಸಿ, ನಡೆದದ್ದನ್ನೆಲ್ಲ ಬರೆದರು. ಎಷ್ಟು ಚುಕ್ಕಿ, ಎಲ್ಲೆಲ್ಲಿ, ಯಾವ ಬಟ್ಟೆ, ಎಲ್ಲ.

"ನನ್ನ ಹೆಸರೂ ಬರೀಬೇಕಾ?" ಎಂದು ಸುಬ್ಬಪ್ಪ ಕೇಳಿದ.

"ಬರೀಬೇಕು. ನಾಕು ವರ್ಷ ಬಿಟ್ಟು ಯಾರಾದ್ರೂ ಬಿಚ್ಚಿದ್ರೆ ಎಲ್ಲಿ ನೋಡ್ಬೇಕು ಅಂತ ಗೊತ್ತಾಗ್ಬೇಕಲ್ಲ. ತೋರಿಸಿದವನು ಯಾರು ಅಂತಲೂ."

ಅವತ್ತು ಅವನು ಮನೆಗೆ ಬಂದು ಮೊದಲು ಮಾಡಿದ್ದು, ವನಜಮ್ಮನಿಗೆ "ನೀನು ಬಟ್ಟೆ ಚೆನ್ನಾಗಿ ಒಗೀತೀಯಂತೆ, ಪುಸ್ತಕದಲ್ಲಿ ಬರೆದಾಯ್ತು" ಎಂದದ್ದು. ಅವಳಿಗೆ ತಲೆಬುಡ ಅರ್ಥವಾಗಲಿಲ್ಲ. ಪೂರ್ತಿ ಕೇಳಿದ ಮೇಲೆ, "ಮೂವತ್ತು ವರ್ಷ ಒಗೆದಿದ್ದಕ್ಕೆ ಹೊಗಳೋಕೆ ಎನ್‌.ಆರ್‌. ಪುರದವ್ರೇ ಬರ್ಬೇಕಾಯ್ತು" ಎಂದಳು.

ಆದರೂ ಅವನ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದಿತ್ತು. ತಗಡು ಉಳಿಯಿತು ಸರಿ, ಬಾರ್ ಕೊಡುತ್ತಾರೋ ಇಲ್ಲವೋ? ಪ್ರೈಮರ್ ಹೊಡೆದು ಒಣಗಲು ಮೂರು ದಿನ ಬೇಕಾಯಿತು. ಆ ಮೂರು ದಿನ ಅವನು ನೆಲ ಗುಡಿಸಿದ, ಡ್ರಿಲ್ಲಿನ ಮೊನೆಗಳನ್ನು ಜೋಡಿಸಿದ, ಕರೆಯದೆ ಮೇಜಿನ ಹತ್ತಿರ ಹೋಗಲಿಲ್ಲ. ಶುಕ್ರವಾರ ಯಜ್ಞೇಶ ಗನ್ನಿಗೆ ಗಾಳಿಯ ಪೈಪು ಸಿಕ್ಕಿಸಿ, ತಿರುಗಿ ನೋಡದೆಯೇ ಹಿಂದಕ್ಕೆ ಕೈ ಚಾಚಿದರು. ಆ ಕೈಯಲ್ಲಿ ಬಾರ್ ಇತ್ತು.

"ತಗೋ. ನಿಂತ್ಕೊಂಡ್ರೆ ರಿವೆಟ್ ತಾನೇ ಕೂರ್ತದಾ?"

ಸುಬ್ಬಪ್ಪ ತೆಗೆದುಕೊಂಡ. ಆ ದಿನ ಎಂಬತ್ತೆಂಟು ರಿವೆಟ್ ಹೊಡೆದರು, ಒಂದನ್ನೂ ಕೊರೆದು ತೆಗೆಯಬೇಕಾಗಲಿಲ್ಲ. ರಡ್ಡರಿನ ಹಿಂದಿನ ಅಂಚನ್ನು ಒಂದೇ ಕಡೆಯಿಂದ ಹೊಡೆಯುತ್ತ ಹೋದರೆ ಅದು ಕುಡುಗೋಲಿನಂತೆ ಬಾಗುತ್ತದಂತೆ. ಅದಕ್ಕೆ ಒಂದು ಈ ಕಡೆಯಿಂದ, ಒಂದು ಆ ಕಡೆಯಿಂದ, ಅಲ್ಲೊಂದು ಇಲ್ಲೊಂದು ಎಂದು ಎರಡು ದಿನ ಹೊಡೆದರು. ಮುಗಿದ ಮೇಲೆ ತುದಿಯಿಂದ ತುದಿಗೆ ನೂಲು ಎಳೆದು ಹಿಡಿದು ನೋಡಿದರು. ಅಂಚು ನೂಲಿಗೆ ಅಂಟಿಕೊಂಡೇ ಇತ್ತು.

ಕೊನೆಗೆ ನಿಲ್ಲಿಸಿದ್ದ ಬಾಲಕ್ಕೆ ಅದನ್ನು ಕೀಲಿನಲ್ಲಿ ಕೂರಿಸಿದರು. ಯಜ್ಞೇಶ ಒಂದು ಬೆರಳಿನಿಂದ ತಳ್ಳಿದರು. ಅದು ಸದ್ದಿಲ್ಲದೆ ಎಡಕ್ಕೆ ಹೋಯಿತು, ಬಲಕ್ಕೆ ಬಂತು. ಸುಬ್ಬಪ್ಪನೂ ತಳ್ಳಿದ. ಇನ್ನೊಮ್ಮೆ ತಳ್ಳಿದ. ಮಧ್ಯಾಹ್ನ ಊಟಕ್ಕೆ ಎದ್ದಾಗ ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ ತಳ್ಳಿದ.

ವಿಮಾನ ಹಾರುವುದಕ್ಕೆ ಇನ್ನೂ ವರ್ಷಗಳೇ ಬೇಕು. ರೆಕ್ಕೆ ಬಂದಿಲ್ಲ, ಇಂಜಿನ್ ಬಂದಿಲ್ಲ, ಪರೀಕ್ಷೆ, ಪರವಾನಗಿ ಎಲ್ಲ ಬಾಕಿ. ಹಾರಿದರೆ ನೀನು ಕೂರುತ್ತೀಯಾ ಎಂದು ದೇವಪ್ಪ ಕೇಳಿದ್ದಕ್ಕೆ ಸುಬ್ಬಪ್ಪ, "ಹಿಂದಿನ ಭಾಗಕ್ಕೆ ನಾನು ಜವಾಬ್ದಾರಿ. ಮುಂದಿಂದು ಅವರನ್ನ ಕೇಳು" ಎಂದಿದ್ದಾನೆ. ಈಗ ಎಲಿವೇಟರಿನ ಕೆಲಸ ನಡೆಯುತ್ತಿದೆ, ಅದು ಮೂತಿಯನ್ನು ಮೇಲೆ ಕೆಳಗೆ ಮಾಡುವ ಭಾಗ. ಅದರ ತಗಡುಗಳನ್ನು ಬರುವ ವಾರ ತೊಳೆಯಬೇಕು, ಮತ್ತೆ ಔಷಧಿ ಹೊಡೆಯುವ ಕಾಲವೂ ಬಂದಿದೆ.

ಅದಕ್ಕೆ ಅಪ್ಪ ನಿನ್ನೆ ಪೇಟೆಯಿಂದ ಮುಚ್ಚಳವಿರುವ ಎರಡು ಪ್ಲಾಸ್ಟಿಕ್ ಡಬ್ಬಿ ತಂದಿದ್ದಾರೆ. ಹಳೇ ಪಂಚೆಯನ್ನೂ ಎರಡು ಭಾಗ ಮಾಡಿಯಾಗಿದೆ. ಡಬ್ಬಿಯ ಮೇಲೆ ಬರೆಯುವ ಕೆಲಸ ನನ್ನದು. ನಾಳೆ ಬೆಳಿಗ್ಗೆ ಬೆಳಕು ಚೆನ್ನಾಗಿರುವಾಗ, ಸಾಲು ಮೇಲೆ ಹತ್ತದ ಹಾಗೆ ಮೊದಲು ಸ್ಕೇಲಿಟ್ಟು ಗೆರೆ ಎಳೆದು, ಒಂದರ ಮೇಲೆ 'ವಿಮಾನ' ಎಂದೂ ಇನ್ನೊಂದರ ಮೇಲೆ 'ಮೈಲುತುತ್ತ' ಎಂದೂ ದೊಡ್ಡ ಅಕ್ಷರದಲ್ಲಿ ಬರೆಯುತ್ತೇನೆ.